ಊರಿನ ರ‍್ಯಾಂಕು ನೋಡಿ ಕೆಲಸದ ಊರು ಆರಿಸುವ ಮುನ್ನ: ತುಮಕೂರಿನ ಯುವ ಉದ್ಯೋಗಿಗಳಿಗೊಂದು ಮಾರ್ಗದರ್ಶಿ

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2018ರಲ್ಲಿ 111 ನಗರಗಳ ಸುಗಮ ಜೀವನ ಸೂಚ್ಯಂಕವನ್ನು ಪ್ರಕಟಿಸಿದಾಗ ಬೆಂಗಳೂರಿಗೆ 58ನೆಯ ಸ್ಥಾನ ಸಿಕ್ಕಿತ್ತು. ಅದೇ ಸಚಿವಾಲಯ 2021ರ ಮಾರ್ಚ್‌ನಲ್ಲಿ ಮುಂದಿನ ಆವೃತ್ತಿಯನ್ನು ಹೊರತಂದಾಗ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳ ಸಾಲಿನಲ್ಲಿ ಬೆಂಗಳೂರು ಮೊದಲನೆಯದಾಗಿ ನಿಂತಿತು. ಈ ನಡುವಿನ ಎರಡೂವರೆ ವರ್ಷದಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳೇನೂ ಕರಗಿರಲಿಲ್ಲ. ಅಳೆಯುವ ಕೋಲು ಬದಲಾಗಿತ್ತು.

ಪದವಿ ಮುಗಿಸಿ ತುಮಕೂರಿನಲ್ಲೇ ಕೆಲಸ ಹುಡುಕಬೇಕೋ, ಬೆಂಗಳೂರಿಗೆ ಹೋಗಿ ಪಿ.ಜಿ. (ತಿಂಗಳ ಹಣ ಕೊಟ್ಟು ಉಳಿಯುವ ವಸತಿಗೃಹ) ಸೇರಬೇಕೋ, ದಿನವೂ ರೈಲು ಹತ್ತಿ ಇಳಿಯಬೇಕೋ ಎಂಬ ಪ್ರಶ್ನೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಏಳುತ್ತದೆ. ಆ ಹೊತ್ತಿಗೆ ಸರಿಯಾಗಿ ‘ಯುವ ಉದ್ಯೋಗಿಗಳಿಗೆ ಅತ್ಯುತ್ತಮ ಹತ್ತು ನಗರಗಳು’ ಎಂಬಂಥ ಪಟ್ಟಿಯೊಂದು ಮೊಬೈಲಿಗೆ ಬಂದು ಬೀಳುತ್ತದೆ. ಅಂಥ ಪಟ್ಟಿಯನ್ನು ಹೇಗೆ ಬಿಚ್ಚಿ ನೋಡಬೇಕು, ಅದರ ವಿಧಾನವನ್ನೇ ಎರವಲು ಪಡೆದು ನಿಮ್ಮದೇ ಪಟ್ಟಿಯನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಬೇಕಾಗುವುದು ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ಮತ್ತು ಎರಡು ಮೂರು ದಿನಗಳ ಓಡಾಟ.

ಮೊದಲ ಹಂತ: ಪಟ್ಟಿ ಯಾರಿಗಾಗಿ ತಯಾರಾಯಿತು ಎಂದು ನೋಡಿ

ಪ್ರತಿ ಸೂಚ್ಯಂಕದ ಹಿಂದೆಯೂ ಅದರ ಓದುಗನೊಬ್ಬನಿರುತ್ತಾನೆ. ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್ ಎಂಬ ಸಂಸ್ಥೆ ಜಗತ್ತಿನ 173 ನಗರಗಳ ವಾಸಯೋಗ್ಯತೆಯನ್ನು ಅಳೆಯುತ್ತದೆ. ಸ್ಥಿರತೆಗೆ 25, ಆರೋಗ್ಯ ಸೇವೆಗೆ 20, ಸಂಸ್ಕೃತಿ ಮತ್ತು ಪರಿಸರಕ್ಕೆ 25, ಶಿಕ್ಷಣಕ್ಕೆ 10, ಮೂಲಸೌಕರ್ಯಕ್ಕೆ 20 ಎಂಬುದು ಅದರ ತೂಕದ ಹಂಚಿಕೆ, ಅಂದರೆ ಒಟ್ಟು ನೂರರಲ್ಲಿ ಪ್ರತಿ ಅಂಶಕ್ಕೆ ಸಿಗುವ ಪಾಲು. ಇದರಲ್ಲಿ ಬಾಡಿಗೆಗೆ ಜಾಗವಿಲ್ಲ, ಸಂಬಳಕ್ಕೂ ಇಲ್ಲ. ಕಾರಣ ಸರಳವಾಗಿದೆ: ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಅಧಿಕಾರಿಗಳನ್ನು ಪರದೇಶಕ್ಕೆ ಕಳುಹಿಸುವಾಗ ಎಷ್ಟು ಕಷ್ಟಭತ್ಯೆ ಕೊಡಬೇಕೆಂದು ತೀರ್ಮಾನಿಸಲು ಇಂಥ ಅಳತೆ ಬಳಕೆಯಾಗುತ್ತದೆ, ಮತ್ತು ಆ ಅಧಿಕಾರಿಯ ಬಾಡಿಗೆಯನ್ನು ಹೆಚ್ಚಾಗಿ ಕಂಪನಿಯೇ ಭರಿಸುತ್ತದೆ. ತುಮಕೂರಿನ ಶೆಟ್ಟಿಹಳ್ಳಿಯಿಂದ ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಬರುವ ಡಿಪ್ಲೊಮಾ ಹುಡುಗನನ್ನು ಮನಸ್ಸಿನಲ್ಲಿಟ್ಟು ಅದನ್ನು ಯಾರೂ ರೂಪಿಸಿಲ್ಲ.

ಹಾಗಾಗಿ ಪಟ್ಟಿ ಕೈಗೆ ಸಿಕ್ಕ ಕೂಡಲೇ ಕೊನೆಯ ಪುಟಕ್ಕೆ ಹೋಗಿ ವಿಧಾನದ ಟಿಪ್ಪಣಿಯನ್ನು ಓದಿ. ವಿಧಾನದ ಟಿಪ್ಪಣಿಯೇ ಇಲ್ಲದ ಪಟ್ಟಿಯನ್ನು ಅಲ್ಲಿಗೇ ಮುಚ್ಚಿಡಬಹುದು.

ಎರಡನೆಯ ಹಂತ: ನಿಮ್ಮ ಊರು ಪಟ್ಟಿಯೊಳಗೆ ಬರುವುದಕ್ಕೆ ಅರ್ಹವೇ?

ಪಟ್ಟಿಯಲ್ಲಿ ತುಮಕೂರು ಕಾಣದಿದ್ದರೆ ಅದು ಕೆಳಗೆ ಬಿದ್ದಿದೆ ಎಂದು ಅರ್ಥವಲ್ಲ. ಬಹಳ ಸಲ ಅದನ್ನು ಅಳೆದೇ ಇರುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ರ‍್ಯಾಂಕು ಕೊಡುವ ಕ್ಯೂಎಸ್ ಸಂಸ್ಥೆಯ, ವಿದ್ಯಾರ್ಥಿಗಳಿಗೆ ಒಳ್ಳೆಯ ನಗರಗಳೆಂಬ ಪಟ್ಟಿಗೆ ಸೇರಲು ನಗರದ ಜನಸಂಖ್ಯೆ ಎರಡೂವರೆ ಲಕ್ಷ ಮೀರಿರಬೇಕು, ಜೊತೆಗೆ ಅಲ್ಲಿನ ಎರಡು ವಿಶ್ವವಿದ್ಯಾಲಯಗಳಾದರೂ ಆ ಸಂಸ್ಥೆಯ ಜಾಗತಿಕ ಪಟ್ಟಿಯಲ್ಲಿರಬೇಕು. 2011ರ ಜನಗಣತಿಯಲ್ಲಿ ಸುಮಾರು ಮೂರು ಲಕ್ಷ ಜನರಿದ್ದ ತುಮಕೂರು ಮೊದಲ ಬಾಗಿಲನ್ನು ದಾಟಿ ಎರಡನೆಯದರಲ್ಲಿ ನಿಲ್ಲುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತ್ಯೇಕವಾಗಿ ತೋರಿಸುವ ಮಹಾನಗರಗಳು 20 ಲಕ್ಷ ಮೀರಿದ 19 ನಗರಗಳು ಮಾತ್ರ. ಆದ್ದರಿಂದ ‘ಯುವತಿಯರಿಗೆ ಸುರಕ್ಷಿತ ನಗರ’ ಎಂದು ಆ ಅಂಕಿಗಳಿಂದ ಕಟ್ಟಿದ ಯಾವ ಪಟ್ಟಿಯಲ್ಲೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರವೆಂಬ ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಕಾಣುವುದಿಲ್ಲ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ: ದಾಖಲಾದ ಪ್ರಕರಣಗಳು ಹೆಚ್ಚಿದ್ದರೆ ಅಪರಾಧ ಹೆಚ್ಚಿದೆ ಎಂದೇ ಆಗಬೇಕಿಲ್ಲ, ಠಾಣೆಯಲ್ಲಿ ದೂರು ತೆಗೆದುಕೊಳ್ಳುವ ರೂಢಿ ಚೆನ್ನಾಗಿದೆ ಎಂದೂ ಆಗಬಹುದು.

ಸುಗಮ ಜೀವನ ಸೂಚ್ಯಂಕದ 111 ನಗರಗಳ ಆಯ್ಕೆಗೆ ಸ್ಮಾರ್ಟ್ ಸಿಟಿ ಯೋಜನೆಯ ನಗರಗಳೇ ಮುಖ್ಯ ಆಧಾರವಾಗಿದ್ದವು. 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ತುಮಕೂರಿಗೆ ಆ ದಾರಿ ತೆರೆದಿತ್ತು, ಕೋಲಾರಕ್ಕೂ ಚಿಕ್ಕಬಳ್ಳಾಪುರಕ್ಕೂ ಇರಲಿಲ್ಲ.

ಇದರ ಜೊತೆಗೇ ಗಡಿಯ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಮ್ಮ ಭಾಗದಲ್ಲಿ ಉದ್ಯೋಗಗಳು ನಗರದ ಎಲ್ಲೆಯೊಳಗೆ ಇಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಪಾಲಿಕೆಯ ಎಲ್ಲೆಯಾಚೆ ಸಿರಾ ದಾರಿಯ ಕಡೆಗಿದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಗುಬ್ಬಿ ತಾಲ್ಲೂಕಿನಲ್ಲಿ. ಕೋಲಾರದವರು ಕೆಲಸಕ್ಕೆ ಹೋಗುವುದು ನರಸಾಪುರಕ್ಕೆ, ವೇಮಗಲ್ಲಿಗೆ, ಮಾಲೂರಿಗೆ. ಪಾಲಿಕೆಯ ಗೆರೆಯೊಳಗೆ ಮಾತ್ರ ಉದ್ಯೋಗ ಎಣಿಸುವ ಸೂಚ್ಯಂಕ ಇವನ್ನೆಲ್ಲ ಬಿಟ್ಟುಬಿಡುತ್ತದೆ. ಜಿಲ್ಲೆಯನ್ನೇ ಘಟಕವಾಗಿ ಹಿಡಿಯುವ ಅಂಕಿಗಳದು, ಉದಾಹರಣೆಗೆ ರಾಜ್ಯದ ಆರ್ಥಿಕ ಸಮೀಕ್ಷೆ ಕೊಡುವ ಜಿಲ್ಲಾವಾರು ತಲಾ ಆದಾಯದ್ದು, ಇದರ ವಿರುದ್ಧ ದಿಕ್ಕಿನ ತೊಡಕು: ಹತ್ತು ತಾಲ್ಲೂಕುಗಳ ತುಮಕೂರು ಜಿಲ್ಲೆಯಲ್ಲಿ ಪಾವಗಡದ ಒಣಭೂಮಿಯೂ ತಿಪಟೂರಿನ ತೆಂಗಿನ ತೋಟವೂ ನಗರದ ಎಸ್‌ಐಟಿ ಬಡಾವಣೆಯೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಜಿಲ್ಲೆಯಾದ್ದರಿಂದ ಅದಕ್ಕೆ ಹಿಂದಿನ ಕೋಲಾರದ ಅಂಕಿಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ‘ಬೆಳವಣಿಗೆ’ ತೋರಿಸುವ ಲೇಖನಗಳನ್ನು ನಂಬಬೇಡಿ.

ಮೂರನೆಯ ಹಂತ: ತೂಕವನ್ನು ಪತ್ತೆ ಹಚ್ಚಿ

ಇಡೀ ವಿಷಯದ ಕೀಲಿ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

2018ರ ಸೂಚ್ಯಂಕದಲ್ಲಿ ಭೌತಿಕ ಸೌಕರ್ಯಗಳಿಗೆ 45, ಆಡಳಿತಕ್ಕೆ 25, ಸಾಮಾಜಿಕ ಅಂಶಗಳಿಗೆ 25, ಆರ್ಥಿಕ ಅಂಶಕ್ಕೆ ಕೇವಲ 5 ಅಂಕಗಳಿದ್ದವು. 2021ರಲ್ಲಿ ಹೊರಬಂದ 2020ರ ಆವೃತ್ತಿಯಲ್ಲಿ ಜೀವನದ ಗುಣಮಟ್ಟಕ್ಕೆ 35, ಆರ್ಥಿಕ ಸಾಮರ್ಥ್ಯಕ್ಕೆ 15, ಸುಸ್ಥಿರತೆಗೆ 20 ಮತ್ತು ಹೊಸದಾಗಿ ಸೇರಿಸಿದ ನಾಗರಿಕರ ಅಭಿಪ್ರಾಯ ಸಮೀಕ್ಷೆಗೆ 30 ಅಂಕಗಳಾದವು. ಒಟ್ಟು ಅಂಕದಲ್ಲಿ ಬೆಂಗಳೂರು 66.70, ಪುಣೆ 66.27. ಅಂತರ ಅರ್ಧ ಅಂಕಕ್ಕೂ ಕಡಿಮೆ. ಜೀವನದ ಗುಣಮಟ್ಟವೊಂದನ್ನೇ ನೋಡಿದರೆ ಮೊದಲಿದ್ದದ್ದು ಬೆಂಗಳೂರಲ್ಲ, ಚೆನ್ನೈ. ಆದರೆ ಆರ್ಥಿಕ ಸಾಮರ್ಥ್ಯದಲ್ಲಿ ಬೆಂಗಳೂರಿಗೆ 78.82 ಬಂದಿತ್ತು, ಎರಡನೆಯ ಸ್ಥಾನದ ದೆಹಲಿಗೆ 50.73. ಅಂದರೆ ಪುಣೆಗಿಂತ ಕನಿಷ್ಠ 28 ಅಂಕಗಳ ಮುನ್ನಡೆ. 15ರ ತೂಕದಲ್ಲಿ ಅದು ಒಟ್ಟು ಅಂಕಕ್ಕೆ ನಾಲ್ಕು ಅಂಕಕ್ಕಿಂತ ಹೆಚ್ಚನ್ನು ಸೇರಿಸಿತು. ಆರ್ಥಿಕ ಅಂಶದ ತೂಕವನ್ನು ಹಳೆಯ 5ಕ್ಕೇ ಇಳಿಸಿ, ಉಳಿದ ಹತ್ತನ್ನು ಬೇರೆ ಮೂರು ವಿಭಾಗಗಳಿಗೆ ಅವುಗಳ ಅನುಪಾತದಲ್ಲೇ ಹಂಚಿ ನೀವೇ ಲೆಕ್ಕ ಹಾಕಿ ನೋಡಿ: ಪುಣೆ ಮೇಲೇರಿ ಬೆಂಗಳೂರು ಕೆಳಗಿಳಿಯುತ್ತದೆ. ಸೂಚ್ಯಂಕ ರೂಪಿಸಿದ ತಜ್ಞರು ಬರೆದ ಒಂದು ಸಂಖ್ಯೆ ದೇಶದ ಮೊದಲ ಸ್ಥಾನವನ್ನು ನಿರ್ಧರಿಸಿತು. ಆ ತಜ್ಞರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ, ಯಾವ ತೂಕವೂ ಒಬ್ಬರ ಆದ್ಯತೆಯೇ ಎಂದಷ್ಟೇ ಹೇಳುತ್ತಿದ್ದೇನೆ.

ಅಭಿಪ್ರಾಯ ಸಮೀಕ್ಷೆಯ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. 2020ರ ಸಮೀಕ್ಷೆಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ್ದರು; ಅದರಲ್ಲಿ ಮುಂದಿದ್ದ ಹೆಸರುಗಳು ಭುವನೇಶ್ವರ, ಸಿಲ್ವಾಸಾ ಮತ್ತು ನಮ್ಮ ದಾವಣಗೆರೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಒಟ್ಟಾರೆ ಸಾಲಿನಲ್ಲೂ ದಾವಣಗೆರೆ ಒಂಬತ್ತನೆಯದಾಯಿತು. ಊರಿನ ಬಗ್ಗೆ ಊರವರ ತೃಪ್ತಿ ಗೌರವಿಸಬೇಕಾದ ಸಂಗತಿಯೇ ಸರಿ. ಆದರೆ ತೃಪ್ತಿ ನಿರೀಕ್ಷೆಯನ್ನು ಅವಲಂಬಿಸಿದೆ. ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬಂದರೆ ಒಂದು ಊರಿನವರು ಪುಣ್ಯವೆನ್ನುತ್ತಾರೆ, ಇನ್ನೊಂದು ಊರಿನವರು ಪಾಲಿಕೆಯ ಬಾಗಿಲಿಗೆ ಹೋಗುತ್ತಾರೆ. ಹೊಸದಾಗಿ ಬಂದು ನೆಲೆಸುವ ಇಪ್ಪತ್ತೈದರ ಯುವಕನ ನಿರೀಕ್ಷೆ ಈ ಎರಡರಂತೆಯೂ ಇರಲಾರದು.

ವಾಹನ ದಟ್ಟಣೆಯ ಅಂಕಿಗಳನ್ನೂ ಹೀಗೆಯೇ ಓದಬೇಕು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೊಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅದು ರಸ್ತೆಯ ಮೇಲಿನ ವಾಹನಗಳ ಅಳತೆ. ಯಶವಂತಪುರದಲ್ಲಿ ರೈಲಿಳಿದು ನಡೆದು ಹೋಗುವವರಿಗೂ, 2024ರ ನವೆಂಬರ್‌ನಿಂದ ಮಾದಾವರದವರೆಗೆ ಓಡುತ್ತಿರುವ ಹಸಿರು ಮಾರ್ಗದ ಮೆಟ್ರೊ ಹತ್ತುವವರಿಗೂ ಅದು ನೇರವಾಗಿ ಅನ್ವಯಿಸುವುದಿಲ್ಲ.

ನಾಲ್ಕನೆಯ ಹಂತ: ನಿಮ್ಮದೇ ಪಟ್ಟಿಯನ್ನು ಕಟ್ಟಿ

ಈಗ ಕಾಗದವನ್ನು ತೆಗೆದುಕೊಳ್ಳಿ. ಎಡಬದಿಯಲ್ಲಿ ನಗರಗಳ ಹೆಸರನ್ನು ಬರೆಯುವ ಬದಲು ನಿಮ್ಮ ಮುಂದಿರುವ ಬದುಕಿನ ವ್ಯವಸ್ಥೆಗಳನ್ನು ಬರೆಯಿರಿ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಅಲ್ಲೇ ವಾಸವಾಗಿರುವುದೂ, ಅದೇ ಕೆಲಸಕ್ಕೆ ತುಮಕೂರಿನಿಂದ ಓಡಾಡುವುದೂ ಒಂದೇ ನಗರದ ಹೆಸರಿನಡಿ ಬರುತ್ತವೆ, ಬದುಕು ಮಾತ್ರ ಬೇರೆ ಬೇರೆ. ಸುಮಾರು 70 ಕಿಲೊಮೀಟರ್ ಅಂತರದ ಊರಿಗೆ ಈ ಮಧ್ಯದ ಆಯ್ಕೆಯೇ ದೊಡ್ಡ ಆಯ್ಕೆ; ಯಾವ ಅಂತರರಾಷ್ಟ್ರೀಯ ಸೂಚ್ಯಂಕದಲ್ಲೂ ಅದಕ್ಕೊಂದು ಸಾಲು ಇರುವುದಿಲ್ಲ.

ಸೂಚಕಗಳನ್ನು ನಾಲ್ಕೈದಕ್ಕೆ ಸೀಮಿತಗೊಳಿಸಿ. ಎಲ್ಲವೂ ಎಣಿಸಬಹುದಾದವಾಗಿರಲಿ. ನಾನು ಸೂಚಿಸುವವು ಇವು: ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಹಣ, ದಿನಕ್ಕೆ ಪ್ರಯಾಣದಲ್ಲಿ ಕಳೆಯುವ ಗಂಟೆಗಳು, ಈಗಿನ ಕೆಲಸ ಹೋದರೆ ಅಥವಾ ಬೇಸರವಾದರೆ ಮನೆ ಬದಲಿಸದೆ ಸೇರಬಹುದಾದ ಬೇರೆ ಕೆಲಸಗಳು, ವಾರಕ್ಕೆ ಮನೆಯವರ ಜೊತೆ ಕಳೆಯುವ ದಿನಗಳು.

ಹಣದ ಲೆಕ್ಕಕ್ಕೆ ಆಫರ್ ಪತ್ರದಲ್ಲಿರುವ ವಾರ್ಷಿಕ ಪ್ಯಾಕೇಜನ್ನು ಹನ್ನೆರಡರಿಂದ ಭಾಗಿಸಬೇಡಿ. ಕಂಪನಿಯ ಪಾಲಿನ ಪಿ.ಎಫ್., ಗ್ರಾಚ್ಯುಟಿ, ವರ್ಷಾಂತ್ಯದ ಬೋನಸ್ ಎಲ್ಲವೂ ಅದರೊಳಗೆ ಸೇರಿರುತ್ತವೆ. ತಿಂಗಳ ಒಂದನೇ ತಾರೀಕು ಖಾತೆಗೆ ಎಷ್ಟು ಬೀಳುತ್ತದೆ ಎಂದು ಅದೇ ಹುದ್ದೆಯಲ್ಲಿರುವವರನ್ನು ಕೇಳಿ. ಬೆಂಗಳೂರಿನಲ್ಲಿ ಮನೆ ಮಾಡುವುದಾದರೆ ಅಡ್ವಾನ್ಸಿಗೆ ಸಾಲ ಮಾಡಿದ ಬಡ್ಡಿಯನ್ನೂ ಖರ್ಚಿನಲ್ಲಿ ಬರೆಯಿರಿ, ಬಹುತೇಕರು ಇದನ್ನು ಮರೆಯುತ್ತಾರೆ. ಓಡಾಡುವವರು ರೈಲಿನ ಮಾಸಿಕ ಪಾಸಿನ ದರವನ್ನು ಬರೆದುಕೊಳ್ಳಬೇಕು. 150 ಕಿಲೊಮೀಟರಿನವರೆಗೆ ಅಂಥ ಪಾಸು ಸಿಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲದಿರುವುದರಿಂದ, ಒಂದೇ ಮನೆಯ ಅಣ್ಣನ ಪಟ್ಟಿಯೂ ತಂಗಿಯ ಪಟ್ಟಿಯೂ ಇಲ್ಲಿ ಬೇರೆಯಾಗುತ್ತವೆ. ಮನೆಗೆ ಕೊಡುವ ಹಣವನ್ನು ಖರ್ಚೆಂದು ಬರೆಯಬೇಕೇ ಎಂಬ ಪ್ರಶ್ನೆ ಬಂದರೆ, ಬರೆಯಿರಿ. ಅದು ಎಲ್ಲ ಸಾಲುಗಳಲ್ಲೂ ಒಂದೇ ರೀತಿ ಇರಲಿ.

ಬೇರೆ ಕೆಲಸಗಳ ಸಂಖ್ಯೆಗೆ ಉದ್ಯೋಗ ಜಾಲತಾಣಗಳಲ್ಲಿ ನಿಮ್ಮ ಹುದ್ದೆಯ ಹೆಸರನ್ನು ನಾಲ್ಕು ವಾರ, ವಾರಕ್ಕೊಮ್ಮೆ ಹುಡುಕಿ ಎಣಿಸಿ. ಒಂದೇ ಹುದ್ದೆಯನ್ನು ಮೂರು ಏಜೆನ್ಸಿಗಳು ಹಾಕಿದ್ದರೆ ಒಂದೆಂದೇ ಎಣಿಸಬೇಕು. ತುಮಕೂರಿನ ಸಣ್ಣ ಕಾರ್ಖಾನೆಗಳು ಜಾಲತಾಣಕ್ಕೆ ಹೋಗದೆ ಪರಿಚಯದವರ ಮೂಲಕವೇ ಜನರನ್ನು ತೆಗೆದುಕೊಳ್ಳುವುದು ಹೆಚ್ಚು. ಆದ್ದರಿಂದ ವಸಂತನರಸಾಪುರದ ಗೇಟುಗಳ ಮುಂದೆ ಒಂದು ಸುತ್ತು ಹೋಗಿ ‘ಬೇಕಾಗಿದ್ದಾರೆ’ ಎಂಬ ಹಲಗೆಗಳನ್ನು ನೋಡಿ ಬರುವುದೂ ಎಣಿಕೆಯ ಭಾಗವೇ.

ಐದನೆಯ ಹಂತ: ನೂರರ ಅಳತೆಗೆ ತಂದು ಕೂಡಿಸಿ

ರೂಪಾಯಿಯನ್ನೂ ಗಂಟೆಯನ್ನೂ ನೇರವಾಗಿ ಕೂಡಿಸಲಾಗದು. ಆದ್ದರಿಂದ ಪ್ರತಿ ಸೂಚಕದಲ್ಲೂ ಅತ್ಯುತ್ತಮ ಆಯ್ಕೆಗೆ 100, ಅತಿ ಕಳಪೆಗೆ 0 ಕೊಟ್ಟು ನಡುವಿನದನ್ನು ಅನುಪಾತದಲ್ಲಿ ಕೂರಿಸುತ್ತಾರೆ. ಅನೇಕ ಸೂಚ್ಯಂಕಗಳು ಮಾಡುವುದೂ ಇದನ್ನೇ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಯಾವ ಸಮೀಕ್ಷೆಯವೂ ಅಲ್ಲ. ನಿಮ್ಮವನ್ನು ನೀವು ಹಾಕಿಕೊಳ್ಳಬೇಕು.

ಪೀಣ್ಯದ ಬಳಿ ಪಿ.ಜಿ.ಯಲ್ಲಿದ್ದರೆ ತಿಂಗಳಿಗೆ ಉಳಿಯುವುದು 16,000 ರೂಪಾಯಿ, ದಿನದ ಪ್ರಯಾಣ ಒಂದೂವರೆ ಗಂಟೆ, ಬೇರೆ ಕೆಲಸಗಳು 40, ಮನೆಯಲ್ಲಿ ವಾರಕ್ಕೆ 1 ದಿನ. ತುಮಕೂರಿನಿಂದ ಓಡಾಡಿದರೆ ಉಳಿಯುವುದು 21,000, ಪ್ರಯಾಣ 5 ಗಂಟೆ, ಬೇರೆ ಕೆಲಸಗಳು 25, ಮನೆಯಲ್ಲಿ 7 ದಿನ. ತುಮಕೂರಿನಲ್ಲೇ ಕೆಲಸವಾದರೆ ಉಳಿಯುವುದು 10,000, ಪ್ರಯಾಣ 1 ಗಂಟೆ, ಬೇರೆ ಕೆಲಸಗಳು 5, ಮನೆಯಲ್ಲಿ 7 ದಿನ. ನೂರರ ಅಳತೆಗೆ ತಂದಾಗ ಹಣದಲ್ಲಿ ಈ ಮೂರಕ್ಕೆ ಕ್ರಮವಾಗಿ 55, 100, 0. ಸಮಯದಲ್ಲಿ 88, 0, 100. ಅವಕಾಶದಲ್ಲಿ 100, 57, 0. ಮನೆಯ ವಿಷಯದಲ್ಲಿ 0, 100, 100 ಬರುತ್ತವೆ.

ಹಣಕ್ಕೆ 40, ಸಮಯಕ್ಕೆ 20, ಅವಕಾಶಕ್ಕೆ 30, ಮನೆಗೆ 10 ಎಂದು ತೂಕ ಕೊಟ್ಟವನಿಗೆ ಪಿ.ಜಿ. 69.6, ಓಡಾಟ 67.1, ತುಮಕೂರು 30 ಎಂದು ಫಲಿತಾಂಶ ಬರುತ್ತದೆ. ಅವನ ಗೆಳೆಯ ಅವಕಾಶದಿಂದ ಹತ್ತನ್ನು ತೆಗೆದು ಮನೆಗೆ ಸೇರಿಸಿದರೆ ಓಡಾಟ 71.4ಕ್ಕೆ ಏರಿ ಪಿ.ಜಿ. 59.6ಕ್ಕೆ ಇಳಿಯುತ್ತದೆ. ಮನೆಯಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕಾದವಳು ಹಣಕ್ಕೆ 20, ಸಮಯಕ್ಕೆ 35, ಅವಕಾಶಕ್ಕೆ 10, ಮನೆಗೆ 35 ಕೊಟ್ಟರೆ ತುಮಕೂರಿನ ಕೆಲಸಕ್ಕೆ 70, ಓಡಾಟಕ್ಕೆ 60.7, ಪಿ.ಜಿ.ಗೆ 51.8. ಅಂಕಿಗಳು ಒಂದೇ, ಮೂವರಿಗೂ ಮೊದಲ ಸ್ಥಾನ ಬೇರೆ.

ತೂಕಗಳನ್ನು ಬರೆಯುವ ಕ್ರಮವೂ ಮುಖ್ಯ. ಅಂಕಿಗಳನ್ನು ನೋಡುವ ಮೊದಲೇ ತೂಕವನ್ನು ಬರೆದು, ದಿನಾಂಕ ಹಾಕಿ ಮಡಿಸಿಡಿ. ಅಂಕಿ ನೋಡಿದ ಮೇಲೆ ಬರೆದರೆ ಮನಸ್ಸು ಮೊದಲೇ ನಿಶ್ಚಯಿಸಿದ ಉತ್ತರ ಬರುವವರೆಗೆ ಕೈ ತೂಕವನ್ನು ತಿದ್ದುತ್ತಲೇ ಇರುತ್ತದೆ. ನಾನು ಹೀಗೆ ತಿದ್ದಿದ್ದೇನೆ, ಆದ್ದರಿಂದಲೇ ಹೇಳುತ್ತಿದ್ದೇನೆ.

ಈ ವಿಧಾನದಲ್ಲಿ ಎರಡು ಹೊಂಡಗಳಿವೆ. ಮೊದಲನೆಯದು, ಸೊನ್ನೆ ಎಂಬುದು ನಿಜವಾದ ಸೊನ್ನೆಯಲ್ಲ. ತುಮಕೂರಿನಲ್ಲಿ ಉಳಿಯುವ 10,000 ರೂಪಾಯಿಗೆ 0 ಅಂಕ ಬಂದದ್ದು ಮೂರರಲ್ಲಿ ಅದು ಕಡಿಮೆಯಾದ್ದರಿಂದ ಮಾತ್ರ. ಪರೀಕ್ಷೆಗೆ ಓದುತ್ತ ಮನೆಯಲ್ಲೇ ಇರುವುದು, ಅಂದರೆ ಏನೂ ಉಳಿಯದ ನಾಲ್ಕನೆಯ ಆಯ್ಕೆಯನ್ನು ಸೇರಿಸಿದರೆ ಅದೇ 10,000ಕ್ಕೆ 48 ಅಂಕ ಬರುತ್ತದೆ. ದೊಡ್ಡ ಪಟ್ಟಿಗಳಲ್ಲೂ ಹೊಸ ನಗರಗಳು ಸೇರಿದ ವರ್ಷ ಹಳೆಯ ನಗರಗಳ ಅಂಕ ಅಲುಗಾಡುವುದಕ್ಕೆ ಇದೂ ಒಂದು ಕಾರಣ. ಎರಡನೆಯದು, ಕೂಡುವ ಲೆಕ್ಕದಲ್ಲಿ ಒಂದು ಕೊರತೆಯನ್ನು ಇನ್ನೊಂದು ಹೆಚ್ಚಳ ಮುಚ್ಚಿಬಿಡುತ್ತದೆ. ದಿನಕ್ಕೆ ಐದು ಗಂಟೆಯ ಪ್ರಯಾಣವನ್ನು ದೇಹ ತಾಳದಿದ್ದರೆ ಉಳಿದ ಹಣ ಅದನ್ನು ಸರಿದೂಗಿಸದು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಇಂಥ ಕಾರಣಕ್ಕಾಗಿಯೇ 2010ರಲ್ಲಿ ಸಾಮಾನ್ಯ ಸರಾಸರಿಯನ್ನು ಬಿಟ್ಟು ಗುಣೋತ್ತರ ಸರಾಸರಿಗೆ (ಅಂಕಗಳನ್ನು ಕೂಡುವ ಬದಲು ಗುಣಿಸಿ ತೆಗೆಯುವ ಸರಾಸರಿ) ಹೋಯಿತು. ನಮಗೆ ಅಷ್ಟು ಗಣಿತ ಬೇಡ. ‘ಪ್ರಯಾಣ ನಾಲ್ಕು ಗಂಟೆ ಮೀರಬಾರದು’, ‘ಉಳಿತಾಯ ಎಂಟು ಸಾವಿರಕ್ಕಿಂತ ಕಡಿಮೆಯಾಗಬಾರದು’ ಎಂಬಂಥ ಮಿತಿಯ ಗೆರೆಗಳನ್ನು ಮೊದಲೇ ಎಳೆದು, ಅವಕ್ಕೆ ಹೊಂದದ ಆಯ್ಕೆಯನ್ನು ಕೂಡುವ ಮೊದಲೇ ಹೊಡೆದುಹಾಕಿ.

ಮೊದಲೆರಡು ಆಯ್ಕೆಗಳ ನಡುವೆ ಮೂರು ನಾಲ್ಕು ಅಂಕಗಳಷ್ಟೇ ವ್ಯತ್ಯಾಸವಿದ್ದರೆ ಅವೆರಡನ್ನೂ ಸಮವೆಂದೇ ತಿಳಿಯಿರಿ.

ಆರನೆಯ ಹಂತ: ಕಾಗದದಿಂದ ಎದ್ದು ಹೋಗಿ ನೋಡಿ

ಓಡಾಟದ ಆಯ್ಕೆಯನ್ನು ಒಂದು ಸೋಮವಾರ ಬೆಳಿಗ್ಗೆ ಪರೀಕ್ಷಿಸಿ. ಮನೆಯ ಬಾಗಿಲಿನಿಂದ ಕಚೇರಿಯ ಗೇಟಿನವರೆಗೆ ಗಡಿಯಾರ ನೋಡಿ ಬರೆದುಕೊಳ್ಳಿ. ನಿಲ್ದಾಣದ ಬಳಿ ಗಾಡಿ ನಿಲ್ಲಿಸಲು ಹಿಡಿದ ಸಮಯವನ್ನೂ ಸೇರಿಸಿ. ಸಂಜೆ ರೈಲು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು, ಗೊರಗುಂಟೆಪಾಳ್ಯದಲ್ಲಿ ಬಸ್ಸಿನಲ್ಲಿ ನಿಲ್ಲಲಾದರೂ ಜಾಗ ಸಿಗುತ್ತದೆಯೇ ಎಂಬುದು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಪಿ.ಜಿ.ಯನ್ನು ಹಗಲಿನಲ್ಲಿ ಮಾಲೀಕರೊಡನೆ ನೋಡುವುದಕ್ಕಿಂತ ರಾತ್ರಿ ಊಟದ ಹೊತ್ತಿಗೆ ಅಲ್ಲಿನ ಹುಡುಗರೊಡನೆ ಕುಳಿತು ನೋಡುವುದು ಮೇಲು. ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರು ಪಕ್ಕದ ಮನೆಯವರನ್ನು ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕೇ ಎಂದು ಕೇಳಲಿ. ಬಡಾವಣೆಯಿಂದ ಬಡಾವಣೆಗೆ ಉತ್ತರ ಬದಲಾಗುತ್ತದೆ. ಯುವತಿಯರು ಕೆಲಸ ಬಿಡುವ ನಿಜವಾದ ಹೊತ್ತಿನಲ್ಲಿ ಬಸ್ ನಿಲ್ದಾಣದಿಂದ ಮನೆಯವರೆಗೆ ಒಮ್ಮೆ ಜೊತೆಗಾರರೊಂದಿಗೆ ನಡೆದು, ಬೀದಿ ದೀಪ ಎಲ್ಲಿ ಇಲ್ಲ, ಯಾವ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಗುರುತಿಸಿಕೊಳ್ಳಬೇಕು.

ಹೀಗೆ ಸಿಕ್ಕ ಅಂಕಿಗಳನ್ನು ಹಾಕಿ, ಮಡಿಸಿಟ್ಟ ತೂಕದ ಚೀಟಿಯನ್ನು ತೆರೆದು, ಪಟ್ಟಿಯನ್ನು ಇನ್ನೊಮ್ಮೆ ಕೂಡಿಸಿ. ಕಾಗದವನ್ನು ಎಸೆಯದೆ ಬಾಡಿಗೆ ಕರಾರಿನ ಜೊತೆ ಇಡಿ. ಹನ್ನೊಂದು ತಿಂಗಳ ಕರಾರು ಮುಗಿಯುವ ಮುನ್ನ, ಸಂಬಳ ಏರಿದಾಗ, ಅಥವಾ ಮದುವೆಯ ಮಾತುಕತೆ ಶುರುವಾದಾಗ ತೂಕದ ಸಾಲನ್ನು ಮಾತ್ರ ಹೊಸದಾಗಿ ಬರೆದು ಉಳಿದ ಅಂಕಿಗಳನ್ನು ತಿದ್ದಿದರೆ ಅರ್ಧ ಗಂಟೆಯಲ್ಲಿ ಹೊಸ ಪಟ್ಟಿ ಸಿದ್ಧವಾಗುತ್ತದೆ.